ರಾಜೀನಾಮೆ ಕೊಟ್ಟು ಹೋದವರಿಗೆ ಪಕ್ಷಾಂತರ ನಿಷೇಧ ಕಾಯ್ದೆ ತಟ್ಟುವುದೇ ಇಲ್ವಾ?

ಬೂತ್ ಮೇಷ್ಟ್ರು
ನಾನು ಹೈಸ್ಕೂಲ್ ಮೇಷ್ಟ್ರು. ಚುನಾವಣೆ ಡ್ಯೂಟಿ ನಮಗೆ ತಪ್ಪಿದ್ದಲ್ಲ. 2018ರ ಮೇ ತಿಂಗಳಲ್ಲಿ ಒಂದು ಹಳ್ಳಿ ಶಾಲೆಯಲ್ಲಿ ಪ್ರಿಸೈಡಿಂಗ್ ಆಫೀಸರ್ ಆಗಿದ್ದೆ. 2019ರ ಡಿಸೆಂಬರ್ 5ರ ಉಪಚುನಾವಣೆಗೆ ಮತ್ತೆ ಅದೇ ಕ್ಷೇತ್ರ, ಪಕ್ಕದ ಊರಿನ ಬೂತ್. ಅಭ್ಯರ್ಥಿ ಅದೇ ಮನುಷ್ಯ, ಚಿಹ್ನೆ ಮಾತ್ರ ಬೇರೆ. ಒಬ್ಬ ಅಜ್ಜಿ ಮತಯಂತ್ರದ ಮುಂದೆ ನಿಂತು ಅಲ್ಲಿಂದಲೇ ಕೂಗಿ ಕೇಳಿದರು, "ನಮ್ಮ ಹುಡುಗನ ಗುರುತು ಎಲ್ಲಿ ಹೋಯ್ತು ಸಾಮಿ?" ನಾನು ಬಾಯಿ ಬಿಡುವ ಹಾಗಿಲ್ಲ. ಏಜೆಂಟರೆಲ್ಲ ತಲೆ ತಗ್ಗಿಸಿ ನಗುತ್ತಿದ್ದರು. ಎರಡು ನಿಮಿಷ ಆದ ಮೇಲೆ ಬೀಪ್ ಕೇಳಿಸಿತು. ಯಾವ ಗುಂಡಿ ಒತ್ತಿದರೋ ದೇವರೇ ಬಲ್ಲ.

ಈಗ ಯಾಕೆ ನೆನಪಾಯಿತು ಅಂದರೆ, ಮಗಳು ದ್ವಿತೀಯ ಪಿಯುಸಿ. ರಾಜ್ಯಶಾಸ್ತ್ರ ಓದುತ್ತಾ ಕೇಳಿದಳು: "1985ರಿಂದ ಕಾಯ್ದೆ ಇದೆಯಂತಲ್ಲ, ಮತ್ತೆ ನೀನು ಎರಡನೇ ಸಲ ಡ್ಯೂಟಿಗೆ ಯಾಕಪ್ಪಾ ಹೋದೆ?" ಉತ್ತರ ಹೊಳೆಯಲಿಲ್ಲ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ರಾಜೀನಾಮೆ ಕೊಟ್ಟರೆ ಎಲ್ಲಾ ಮಾಫಿ ಆಗುತ್ತಾ?

ಬೆಣ್ಣೆದೋಸೆ
ಕಾಯ್ದೆ ಇರುವುದು ಪುಸ್ತಕದಲ್ಲಿ, ಶಾಸಕರು ಇರುವುದು ರೆಸಾರ್ಟ್‌ನಲ್ಲಿ. ಅಷ್ಟೇ ಮೇಷ್ಟ್ರೇ.

ಕರಿಕೋಟು
ವಕೀಲಿ ಮಾಡುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

52ನೇ ತಿದ್ದುಪಡಿ, 1985. ರಾಜೀವ್ ಗಾಂಧಿ ಕಾಲ. ಸಂವಿಧಾನಕ್ಕೆ ಹತ್ತನೇ ಶೆಡ್ಯೂಲ್ ಸೇರಿತು, ಪಕ್ಷಾಂತರ ನಿಷೇಧ ಕಾಯ್ದೆ ಅಂದರೆ ಅದೇ. ಶಾಸಕ ಸ್ಥಾನ ಹೋಗುವುದಕ್ಕೆ ಮುಖ್ಯವಾಗಿ ಎರಡು ದಾರಿ. ತಾನಾಗಿ ಪಕ್ಷದ ಸದಸ್ಯತ್ವ ಬಿಟ್ಟುಕೊಡುವುದು ಒಂದು. ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿ ಮತ ಹಾಕುವುದು, ಇಲ್ಲವೇ ಮತಕ್ಕೆ ಗೈರಾಗುವುದು ಇನ್ನೊಂದು. ಎರಡನೆಯದರಲ್ಲಿ ಪಕ್ಷ 15 ದಿನದೊಳಗೆ ಮನ್ನಿಸಿದರೆ ಬಚಾವ್. ಪಕ್ಷೇತರನಾಗಿ ಗೆದ್ದವನು ಆಮೇಲೆ ಪಕ್ಷ ಸೇರಿದರೂ ಸ್ಥಾನ ಹೋಗುತ್ತದೆ.

ತಾನಾಗಿ ಬಿಡುವುದು ಅಂದರೆ ಪತ್ರ ಬರೆದು ಬಿಡುವುದೇ ಆಗಬೇಕಿಲ್ಲ. 1994ರಲ್ಲಿ ಗೋವಾದ ರವಿ ನಾಯ್ಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ. ನಡವಳಿಕೆ ನೋಡಿಯೂ ತೀರ್ಮಾನ ಮಾಡಬಹುದು.

ಈಗ ಮೇಷ್ಟ್ರ ಪ್ರಶ್ನೆ. ಇಲ್ಲ, ಮಾಫಿ ಇಲ್ಲ. 2019ರ ಜುಲೈನಲ್ಲಿ 17 ಶಾಸಕರನ್ನು ಆಗಿನ ಸ್ಪೀಕರ್ ರಮೇಶ್ ಕುಮಾರ್ ಅನರ್ಹ ಮಾಡಿದರು. "ನಾವು ಮೊದಲೇ ರಾಜೀನಾಮೆ ಕೊಟ್ಟಿದ್ದೆವು" ಎಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪಕ್ಷಾಂತರದ ಕೆಲಸ ಮೊದಲೇ ಆಗಿದ್ದರೆ, ರಾಜೀನಾಮೆ ಪತ್ರ ಅದನ್ನು ಅಳಿಸುವುದಿಲ್ಲ ಎಂದಿತು. ಆದರೆ 2023ರವರೆಗೆ, ಅಂದರೆ ಆ ವಿಧಾನಸಭೆ ಮುಗಿಯುವವರೆಗೆ ಚುನಾವಣೆಗೆ ನಿಲ್ಲಬಾರದು ಎಂದು ಸ್ಪೀಕರ್ ಹೇಳಿದ್ದರಲ್ಲ, ಅದನ್ನು ತೆಗೆದುಹಾಕಿತು. ಅವಧಿ ಹಾಕುವ ಅಧಿಕಾರ ಸ್ಪೀಕರ್‌ಗೆ ಇಲ್ಲ. ತೀರ್ಪು ಬಂದದ್ದು 2019ರ ನವೆಂಬರ್ 13. ಮೂರು ವಾರಕ್ಕೆ ನೀವು ಮಸ್ಟರಿಂಗ್ ಸೆಂಟರ್‌ನಲ್ಲಿ ಮತಯಂತ್ರ ಹೊತ್ತು ನಿಂತಿದ್ದಿರಿ.

ಬೂತ್ ಮೇಷ್ಟ್ರು
ಓಹ್. ಅಂದರೆ ತಪ್ಪಿತಸ್ಥರು ಹೌದು, ಶಿಕ್ಷೆ ಅಂದರೆ ಮತ್ತೊಂದು ಚುನಾವಣೆ. ಆ ಶಿಕ್ಷೆ ಅನುಭವಿಸಿದ್ದು ನಾನು! ಸೊಳ್ಳೆ ಕಡಿಸಿಕೊಂಡು ಶಾಲೆ ಬೆಂಚಿನ ಮೇಲೆ ಮಲಗಿದ್ದೆ.

ಮಂಡ್ಯದ ಬೆಲ್ಲ
ಅಣ್ಣ, 15 ಕ್ಷೇತ್ರದಲ್ಲಿ 12 ಬಿಜೆಪಿ ಗೆದ್ದಿತು ಆವಾಗ. ಜನ ಒಪ್ಪಿದ್ದಾರೆ ಅಂತ ತಾನೇ ಅರ್ಥ? ಜನರೇ ಗೆಲ್ಲಿಸಿದ ಮೇಲೆ ನಿಮಗೇನು ಕಷ್ಟ?

ಹೊಸಕೋಟೆ ಹೈವೇ
ಎಲ್ಲಾ ಕಡೆ ಒಪ್ಪಲಿಲ್ಲ. ನಮ್ಮ ಕಡೆ ಪಕ್ಷೇತರ ಗೆದ್ದರು. ಹುಣಸೂರಲ್ಲಿ ವಿಶ್ವನಾಥ್ ಸೋತರು.

ಮಂಡ್ಯದ ಬೆಲ್ಲ
12 ದೊಡ್ಡದೋ 3 ದೊಡ್ಡದೋ?

ಹೊಸಕೋಟೆ ಹೈವೇ
2023ರ ಲೆಕ್ಕವನ್ನೂ ಹಾಕಿ. ಚಿಕ್ಕಬಳ್ಳಾಪುರದಲ್ಲಿ ಸುಧಾಕರ್, ಹಿರೇಕೆರೂರಿನಲ್ಲಿ ಬಿ.ಸಿ. ಪಾಟೀಲ್, ನಮ್ಮಲ್ಲಿ ಎಂಟಿಬಿ ನಾಗರಾಜ್, ಆ 17ರಲ್ಲಿದ್ದ ಇವರೆಲ್ಲರೂ ಸೋತರು. ಉಪಚುನಾವಣೆಯಲ್ಲಿ ಜನ ಸರ್ಕಾರ ಇರುವ ಕಡೆ ವಾಲುತ್ತಾರೆ. ರಸ್ತೆ ಬೇಕಲ್ಲ.

ಕೃಷ್ಣಾತೀರ
ನಮ್ಮ ಅಥಣಿ ಕಥೆ ಕೇಳಿರಿ. 2018ರಲ್ಲಿ ಕಾಂಗ್ರೆಸ್‌ನ ಮಹೇಶ್ ಕುಮಠಳ್ಳಿ, ಬಿಜೆಪಿಯ ಲಕ್ಷ್ಮಣ ಸವದಿಯನ್ನು ಸೋಲಿಸಿದರು. 2019ರಲ್ಲಿ ಕುಮಠಳ್ಳಿ ಬಿಜೆಪಿಗೆ ಬಂದು ಉಪಚುನಾವಣೆ ಗೆದ್ದರು. ಸವದಿಯವರು ಸೋತಿದ್ದರೂ ಉಪಮುಖ್ಯಮಂತ್ರಿ ಆದರು. 2023ಕ್ಕೆ ಬಿಜೆಪಿ ಟಿಕೆಟ್ ಕುಮಠಳ್ಳಿಗೆ ಸಿಕ್ಕಿತು. ಸವದಿ ಪರಿಷತ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಕಾಂಗ್ರೆಸ್‌ಗೆ ಹೋಗಿ, ಕುಮಠಳ್ಳಿಯನ್ನು ಸೋಲಿಸಿದರು. ಐದು ವರ್ಷದಲ್ಲಿ ಇಬ್ಬರೂ ಬಾವುಟ ಅದಲುಬದಲು ಮಾಡಿಕೊಂಡರು. ಕಾರ್ಯಕರ್ತರ ಗತಿ ಏನು? ನಮ್ಮ ಓಣಿಯಲ್ಲಿ ಒಬ್ಬ ಎರಡೂ ಪಕ್ಷದ ಶಾಲು ಟ್ರಂಕಿನಲ್ಲಿ ಇಟ್ಟಾನೆ, ಯಾವುದಕ್ಕೂ ಇರಲಿ ಅಂತ.

ಬೆಣ್ಣೆದೋಸೆ
ಶಾಲು ಇಟ್ಟವನೇ ಜಾಣ.

ಕೋಚಿಂಗ್ ಸೆಂಟರ್
ಇದಕ್ಕೆಲ್ಲ ಮೂಲ ಹರಿಯಾಣದ ಗಯಾ ಲಾಲ್. 1967ರಲ್ಲಿ ಪಕ್ಷೇತರನಾಗಿ ಗೆದ್ದು, ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದರು. ಅಲ್ಲಿಂದ "ಆಯಾ ರಾಮ್ ಗಯಾ ರಾಮ್" ಎಂಬ ಮಾತು ಬಂತು. ಪರೀಕ್ಷೆಗೆ ಬಂದೇ ಬರುತ್ತೆ, ಮಗಳಿಗೆ ಹೇಳಿ ಸಾರ್. ಇನ್ನೊಂದು ವಿಷಯ, ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಹೋದರೆ ಅದು ಪಕ್ಷಾಂತರ ಅಲ್ಲ, ಹೋಳು.

ಕರಿಕೋಟು
ಆ ಮೂರನೇ ಒಂದರ ಲೆಕ್ಕ ಈಗ ಇಲ್ಲ. ಪಕ್ಷ ಒಡೆಯುವ ಅವಕಾಶವನ್ನು 2003ರ 91ನೇ ತಿದ್ದುಪಡಿ ಕಿತ್ತುಹಾಕಿತು. ಈಗ ಉಳಿದಿರುವುದು ವಿಲೀನ ಮಾತ್ರ, ಅದಕ್ಕೆ ಮೂರನೇ ಎರಡು ಭಾಗ ಬೇಕು. ನಿಮ್ಮ ನೋಟ್ಸ್ ಹಳೆಯದು. ಮಗು ತಪ್ಪು ಬರೆದುಬಿಟ್ಟೀತು.

ಕೋಚಿಂಗ್ ಸೆಂಟರ್
ಸರಿ ಸಾರ್, ತಿದ್ದಿಕೊಂಡೆ. ಗಯಾ ಲಾಲ್ ಮಾತ್ರ ನಿಜ.

ಸದಾಶಿವಗಡ
ಮೂರನೇ ಎರಡು ಭಾಗದ ಮಹಿಮೆ ನೋಡಬೇಕಾದರೆ ನಮ್ಮ ಪಕ್ಕದ ಗೋವಾಕ್ಕೆ ಬನ್ನಿ. 2019ರಲ್ಲಿ ಕಾಂಗ್ರೆಸ್‌ನ 15ರಲ್ಲಿ 10 ಜನ ಬಿಜೆಪಿ ಜೊತೆ ವಿಲೀನ ಅಂದರು. 10 ಅಂದರೆ ಸರಿಯಾಗಿ ಮೂರನೇ ಎರಡು, ಒಂದು ತಲೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಪುನಃ ಹಾಗೆ ಆಗಬಾರದು ಅಂತ 2022ರ ಚುನಾವಣೆಗೆ ಮುಂಚೆ ಅಭ್ಯರ್ಥಿಗಳನ್ನೆಲ್ಲ ದೇವಸ್ಥಾನ, ಶಿಲುಬೆ, ದರ್ಗಾ ಮೂರೂ ಕಡೆ ಕರೆದೊಯ್ದು ಆಣೆ ಮಾಡಿಸಿದರು. 11 ಜನ ಗೆದ್ದರು. ಸೆಪ್ಟೆಂಬರ್‌ನಲ್ಲಿ 8 ಜನ ಹೊರಟರು. ಆಣೆ ಏನಾಯಿತು ಅಂತ ಕೇಳಿದರೆ, ಆ 8ರಲ್ಲಿ ಒಬ್ಬರಾದ ದಿಗಂಬರ ಕಾಮತ್, ಮತ್ತೆ ದೇವರ ಹತ್ತಿರ ಹೋಗಿ ಕೇಳಿದೆ, ಒಪ್ಪಿಗೆ ಸಿಕ್ಕಿತು ಅಂದರು.

ಬೆಣ್ಣೆದೋಸೆ
ದೇವರ ವಿಪ್ಪು!

ಸಣ್ಣ ಮೆಣಸು
ನನ್ನ ತಕರಾರು ಇರುವುದೇ ಇಲ್ಲಿ. ಒಬ್ಬ ಶಾಸಕಿ ಒಂದು ಕೆಟ್ಟ ಮಸೂದೆ ಬೇಡ ಅಂತ ಎದ್ದು ನಿಂತು ತನ್ನ ಪಕ್ಷದ ವಿರುದ್ಧ ಮತ ಹಾಕಿದರೆ ಮನೆಗೆ. ಹತ್ತು ಜನ ಸೇರಿ ಸಗಟಾಗಿ ಹೋದರೆ ವಿಲೀನ. ಚಿಲ್ಲರೆ ವ್ಯಾಪಾರಕ್ಕೆ ದಂಡ, ಹೋಲ್‌ಸೇಲ್‌ಗೆ ಲೈಸೆನ್ಸ್. ಇದನ್ನು ಯಾವ ಬಾಯಲ್ಲಿ ಪಕ್ಷಾಂತರ ನಿಷೇಧ ಅಂತೀರಿ?

ಮಂಡ್ಯದ ಬೆಲ್ಲ
ವಿಪ್ ಇಲ್ಲದಿದ್ದರೆ ಸರ್ಕಾರ ಒಂದು ವಾರ ನಿಲ್ಲಲ್ಲ ಮೇಡಂ. 224 ಜನಕ್ಕೆ 224 ದಾರಿ.

ಸಣ್ಣ ಮೆಣಸು
ಸರ್ಕಾರದ ಉಳಿವಿನ ಪ್ರಶ್ನೆ ಬಂದಾಗ ಇರಲಿ, ವಿಶ್ವಾಸಮತ, ಬಜೆಟ್. ಬಾಕಿ ಎಲ್ಲದಕ್ಕೂ ಯಾಕೆ? 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಅನರ್ಹತೆಯನ್ನು ವಿಶ್ವಾಸಮತದಂಥ ಸಂದರ್ಭಕ್ಕೆ ಸೀಮಿತ ಮಾಡಿ ಅಂದಿತ್ತು. ನಮ್ಮ ಊರಿನ ಕೆರೆ ವಿಷಯ ಬಂದರೂ ನಮ್ಮ ಶಾಸಕರು ಕೈ ಎತ್ತುವ ಮುಂಚೆ ಮುಖ್ಯ ಸಚೇತಕರ ಮುಖ ನೋಡಬೇಕು ಅಂದರೆ, ನಾನು ಅವರನ್ನು ಕಳಿಸಿದ್ದು ಯಾಕೆ?

ಮಂಡ್ಯದ ಬೆಲ್ಲ
ನೀವು ಅವರನ್ನು ಕಳಿಸಿಲ್ಲ. ಚಿಹ್ನೆ ಕಳಿಸಿದ್ದೀರಿ. ಚಿಹ್ನೆ ಇಲ್ಲದೆ ನಿಲ್ಲಿಸಿ ನೋಡಿ, ಠೇವಣಿ ಬರುತ್ತಾ?

ಸಣ್ಣ ಮೆಣಸು
ಹಾಗಿದ್ದರೆ ಚಿಹ್ನೆ ಬದಲಿಸಿಯೂ 12 ಜನ ಗೆದ್ದರು ಅಂತ ಮೇಲೆ ನೀವೇ ಬರೆದಿರಲ್ಲ? ಒಂದು ಕಡೆ ನಿಲ್ಲಿ.

ಕೃಷ್ಣಾತೀರ
😀 ಬೆಲ್ಲದವರು ಪಕ್ಷಾಂತರ ಮಾಡಿದರು. ಅನರ್ಹ ಮಾಡಿ.

ಶಿರಸಿ ಅಪ್ಪೆಮಿಡಿ
ವಿಪ್ ಅಂತ ಬಂದಿದ್ದಕ್ಕೆ ಒಂದು ಪ್ರಶ್ನೆ. ನಮ್ಮ ಯಲ್ಲಾಪುರದ ಹೆಬ್ಬಾರ್ 2024ರ ಫೆಬ್ರವರಿಯಲ್ಲಿ ರಾಜ್ಯಸಭೆ ಚುನಾವಣೆಗೆ ಹೋಗಲೇ ಇಲ್ಲ. ಯಶವಂತಪುರದ ಸೋಮಶೇಖರ್ ಕಾಂಗ್ರೆಸ್‌ಗೆ ಮತ ಹಾಕಿದರು. ಇಬ್ಬರೂ ಆಗ ಬಿಜೆಪಿ ಶಾಸಕರು. 2025ರ ಮೇನಲ್ಲಿ ಪಕ್ಷ ಇಬ್ಬರನ್ನೂ 6 ವರ್ಷಕ್ಕೆ ಉಚ್ಚಾಟಿಸಿತು. ಉಚ್ಚಾಟನೆ ಆದರೂ ಶಾಸಕರಾಗಿ ಇದ್ದರಲ್ಲ, ಅದು ಹೇಗೆ? ಈ ಇಬ್ಬರೂ 2019ರ ಆ 17ರಲ್ಲಿ ಇದ್ದವರೇ, ಅದು ಬೇರೆ ಮಾತು.

ಕರಿಕೋಟು
ಒಳ್ಳೆ ಪ್ರಶ್ನೆ ಅಪ್ಪೆಮಿಡಿಯವರೇ. ರಾಜ್ಯಸಭೆ ಚುನಾವಣೆಯ ಮತ ಅಂದರೆ ಸದನದ ಒಳಗಿನ ಮತ ಅಲ್ಲ. ಅಲ್ಲಿ ಹತ್ತನೇ ಶೆಡ್ಯೂಲ್ ತಗಲುವುದಿಲ್ಲ. 2006ರ ಕುಲದೀಪ್ ನಯ್ಯರ್ ತೀರ್ಪು ಓದಿ. ಮತ ಹಾಕಿದ ಚೀಟಿಯನ್ನು ಪಕ್ಷದ ಏಜೆಂಟಿಗೆ ತೋರಿಸಬೇಕು, ಹಾಗಾಗಿ ಯಾರು ಯಾರಿಗೆ ಹಾಕಿದರು ಅಂತ ಗೊತ್ತಾಗುತ್ತೆ. ಆದರೆ ಸ್ಥಾನ ಹೋಗಲ್ಲ. ಪಕ್ಷ ಹೆಚ್ಚೆಂದರೆ ಹೊರಗೆ ಹಾಕಬಹುದು.

ಹೊರಗೆ ಹಾಕಿದರೂ ಶಾಸಕ ಸ್ಥಾನ ಉಳಿಯುತ್ತದೆ. ತಾನಾಗಿ ಬಿಟ್ಟವನಿಗೆ ಕಾಯ್ದೆ, ಹೊರದಬ್ಬಿಸಿಕೊಂಡವನಿಗೆ ಅಲ್ಲ. ಆದರೆ 1996ರ ತಮಿಳುನಾಡಿನ ವಿಶ್ವನಾಥನ್ ಪ್ರಕರಣದ ಪ್ರಕಾರ, ಉಚ್ಚಾಟಿತನಾದವನನ್ನೂ ಕಾಯ್ದೆ ಅದೇ ಪಕ್ಷದವನು ಅಂತಲೇ ನೋಡುತ್ತದೆ. ಬೇರೆ ಪಕ್ಷ ಸೇರಿದರೆ ಅನರ್ಹ.

ಶಿರಸಿ ಅಪ್ಪೆಮಿಡಿ
ಅಂದರೆ ಮನೆಯಿಂದ ಹೊರಗೆ ಹಾಕಿದ್ದಾರೆ, ಬೇರೆ ಮನೆಗೆ ಹೋಗುವ ಹಾಗಿಲ್ಲ, ಅಂಗಳದಲ್ಲಿ ಕೂತಿರಬೇಕು.

ಕರಿಕೋಟು
ಅಂಗಳದಲ್ಲಿ ಕೂತರೂ ಸಂಬಳ, ಭತ್ಯೆ, ಕ್ಷೇತ್ರದ ಅನುದಾನ ಎಲ್ಲಾ ಬರುತ್ತೆ. ಚಿಂತೆ ಬೇಡ.

ಹಿಮಾಲಯ ಟ್ರೆಕ್
ಅದೇ ಫೆಬ್ರವರಿ 27ಕ್ಕೆ ಹಿಮಾಚಲದಲ್ಲೂ 6 ಕಾಂಗ್ರೆಸ್ ಶಾಸಕರು ಅಡ್ಡ ಮತ ಹಾಕಿದರು. ಅವರು ಎರಡೇ ದಿನದಲ್ಲಿ ಅನರ್ಹ ಆದರಲ್ಲ? ವಕೀಲರ ಮಾತು ಹೊಂದುತ್ತಿಲ್ಲ.

ಕರಿಕೋಟು
ಹೊಂದುತ್ತೆ. ಅವರು ಅನರ್ಹ ಆದದ್ದು ರಾಜ್ಯಸಭೆ ಮತಕ್ಕಲ್ಲ. ಆಮೇಲೆ ಬಜೆಟ್ ಮತಕ್ಕೆ ವಿಪ್ ಇದ್ದರೂ ಸದನಕ್ಕೆ ಬರಲಿಲ್ಲ, ಅದಕ್ಕೆ.

ಹಿಮಾಲಯ ಟ್ರೆಕ್
ಸರಿ, ಒಪ್ಪಿದೆ. ಹೀಗೆ ಅನರ್ಹ ಆದವರಿಗೆ ಪಿಂಚಣಿ ಬೇಡ ಅಂತ ಅಲ್ಲಿನ ವಿಧಾನಸಭೆ ಆ ವರ್ಷವೇ ಮಸೂದೆಯನ್ನೂ ಪಾಸು ಮಾಡಿತ್ತು. ನಮ್ಮಲ್ಲಿ ಯಾರಾದರೂ ತರಲಿ ನೋಡೋಣ.

ಬೆಣ್ಣೆದೋಸೆ
ಎರಡೇ ದಿನ! ನಮ್ಮ ತಹಶೀಲ್ದಾರ್ ಕಚೇರಿಗೆ ಆ ಸ್ಪೀಕರ್ ಅವರನ್ನು ಕಳಿಸಿ ಯಾರಾದರೂ.

ಹಳೇ ರಿಪೋರ್ಟರ್
ಸ್ಪೀಕರ್ ವೇಗದ ವಿಷಯಕ್ಕೆ ಬಂದಿರಿ, ಇದೇ ನಿಜವಾದ ಗಾಯ. 2010ರ ಅಕ್ಟೋಬರ್ ವಾರವನ್ನು ನಾನು ವಿಧಾನಸೌಧದಲ್ಲೇ ಕಳೆದವನು. ಬಿಜೆಪಿಯ 11 ಶಾಸಕರು, 5 ಪಕ್ಷೇತರರು ಯಡಿಯೂರಪ್ಪನವರಿಗೆ ಬೆಂಬಲ ಇಲ್ಲ ಅಂತ ರಾಜ್ಯಪಾಲರಿಗೆ ಪತ್ರ ಕೊಟ್ಟರು. ವಾರದೊಳಗೆ ದೂರು, ನೋಟಿಸು, ವಿಚಾರಣೆ ಎಲ್ಲಾ ಮುಗಿದು, ವಿಶ್ವಾಸಮತಕ್ಕೆ ಮುಂಚೆಯೇ ಸ್ಪೀಕರ್ ಬೋಪಯ್ಯ 16 ಜನರನ್ನೂ ಅನರ್ಹ ಮಾಡಿದರು. ಅಕ್ಟೋಬರ್ 11ರ ಬೆಳಿಗ್ಗೆ ಸದನದ ಬಾಗಿಲಲ್ಲಿ ನೂಕುನುಗ್ಗಲು, ಮಾರ್ಷಲ್‌ಗಳು, ಕೂಗಾಟ. ಒಳಗೆ ಧ್ವನಿಮತ ಆಯಿತು ಅಂದರು, ನಮ್ಮ ಕಿವಿಗೆ ಬಿದ್ದದ್ದು ಗದ್ದಲ ಮಾತ್ರ. ಮೂರು ದಿನ ಬಿಟ್ಟು ಮತ್ತೊಮ್ಮೆ ವಿಶ್ವಾಸಮತ. ಸರ್ಕಾರ ಉಳಿಯಿತು.

2011ರ ಮೇ 13ಕ್ಕೆ ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನೇ ರದ್ದು ಮಾಡಿತು. ನಾಯಕ ಬೇಡ ಅನ್ನುವುದು ಬೇರೆ, ಪಕ್ಷ ಬೇಡ ಅನ್ನುವುದು ಬೇರೆ ಎಂಬುದು ಅದರ ಸಾರ. ಸರಿ, ನ್ಯಾಯ ಸಿಕ್ಕಿತು. ಏಳು ತಿಂಗಳ ಮೇಲೆ. ಮದುವೆ ಮುಗಿದ ಮೇಲೆ ಮುಹೂರ್ತ ತಪ್ಪು ಅಂದ ಹಾಗೆ.

ಇನ್ನೊಂದು ತುದಿ ಮಣಿಪುರ. 2017ರಲ್ಲಿ ಕಾಂಗ್ರೆಸ್‌ನಿಂದ ಗೆದ್ದವರೊಬ್ಬರು ಬಿಜೆಪಿ ಸರ್ಕಾರದಲ್ಲಿ ಮಂತ್ರಿ ಆದರು. ಸ್ಪೀಕರ್ ಮುಂದೆ ಅರ್ಜಿ ವರ್ಷಗಟ್ಟಲೆ ಕೂತಿತು. 2020ರಲ್ಲಿ ಸುಪ್ರೀಂ ಕೋರ್ಟ್, ಇಂಥ ಅರ್ಜಿ ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಮುಗಿಯಬೇಕು ಅಂತ ಹೇಳಬೇಕಾಯಿತು. ಆಮೇಲೂ ಮುಗಿಯಿತಾ? 2025ರ ಜುಲೈನಲ್ಲಿ ತೆಲಂಗಾಣದ 10 ಬಿಆರ್‌ಎಸ್ ಶಾಸಕರ ವಿಷಯಕ್ಕೆ ಮತ್ತೆ ಅದೇ ಮೂರು ತಿಂಗಳ ಮಾತನ್ನು ಕೋರ್ಟ್ ಹೇಳಬೇಕಾಯಿತು. ಬೇಕಾದರೆ ಮೂರು ದಿನ, ಬೇಡದಿದ್ದರೆ ಮೂರು ವರ್ಷ.

ಸಣ್ಣ ಮೆಣಸು
ರಿಪೋರ್ಟರ್ ಸಾರ್, ನಿಮ್ಮ ಮಾತಿಗೆ ಒಂದು ಸೇರಿಸಬೇಕು. ಆಟದಲ್ಲಿ ಇರುವ ಒಂದು ತಂಡದವರೇ ಅಂಪೈರ್. ಮೊದಲು ಅದನ್ನು ಬದಲಿಸಿ.

ಕರಿಕೋಟು
1992ರಲ್ಲಿ ಕಿಹೋಟೊ ಹೊಲ್ಲೋಹನ್ ಪ್ರಕರಣದಲ್ಲಿ ಇದೇ ಚರ್ಚೆ ಆಗಿತ್ತು. ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಸ್ಪೀಕರ್ ಇರಲಿ ಅಂದರು, ಇಬ್ಬರು ಬೇಡ ಅಂದರು. ಸ್ಪೀಕರ್ ತೀರ್ಮಾನವನ್ನು ಕೋರ್ಟು ಪರಿಶೀಲಿಸಬಹುದು ಅನ್ನುವುದು ಮಾತ್ರ ಅಲ್ಲಿಂದ ಗಟ್ಟಿಯಾಯಿತು. ಮಣಿಪುರ ತೀರ್ಪಿನಲ್ಲಿ, ಈ ಕೆಲಸಕ್ಕೆ ಸ್ವತಂತ್ರ ನ್ಯಾಯಮಂಡಳಿ ಮಾಡಿ ಅಂತ ಸಂಸತ್ತಿಗೆ ಸಲಹೆ ಕೊಟ್ಟರು. ಸಂಸತ್ತು ಯಾಕೆ ಮಾಡುತ್ತೆ ಹೇಳಿ. ಇವತ್ತು ಸ್ಪೀಕರ್ ಕುರ್ಚಿ ಇರುವವರಿಗೆ ಬೇಡ, ನಾಳೆ ಸಿಗುತ್ತೆ ಅನ್ನುವವರಿಗೂ ಬೇಡ.

ಮಂಡ್ಯದ ಬೆಲ್ಲ
ಎಲ್ಲರೂ ಬಿಜೆಪಿ ಕಥೆಯನ್ನೇ ಹೇಳ್ತಿದ್ದೀರಿ. ತೆಲಂಗಾಣದಲ್ಲಿ ಆ ಹತ್ತು ಜನ ವಾಲಿದ್ದು ಯಾರ ಕಡೆಗೆ? ಕಾಂಗ್ರೆಸ್ ಕಡೆಗೆ. ಅದನ್ನೂ ಬರೆಯಿರಿ.

ಹಳೇ ರಿಪೋರ್ಟರ್
ಬರೆದೆ ಅಂತಲೇ ಇಟ್ಟುಕೊಳ್ಳಿ. "ಆಪರೇಷನ್ ಕಮಲ" ಅಂತ ಹೆಸರು ಇಟ್ಟದ್ದು 2008ರಲ್ಲಿ ಬಿಜೆಪಿಗೆ 110 ಬಂದು ಮೂರು ಕಡಿಮೆ ಆದಾಗ. ರೋಗ ಮಾತ್ರ ಯಾವ ಪಕ್ಷದ ಸ್ವತ್ತೂ ಅಲ್ಲ. 1989ರಲ್ಲಿ ಬೊಮ್ಮಾಯಿ ಸರ್ಕಾರದ ವಿರುದ್ಧ 19 ಪತ್ರ ರಾಜ್ಯಪಾಲರಿಗೆ ಹೋದಾಗ ಕಮಲದ ಸುದ್ದಿಯೇ ಇರಲಿಲ್ಲ. ಆ ಪೈಕಿ ಏಳು ಜನ ಮರುದಿನ ನಮ್ಮ ಬೆಂಬಲ ಬೊಮ್ಮಾಯಿಗೇ ಅಂದರು.

ನಿರ್ವಾಹಕ
ಪಕ್ಷಗಳ ಕಾಲೆಳೆದಾಟ ಇಲ್ಲಿಗೆ ಸಾಕು. ದುಡ್ಡಿನ ಲೆಕ್ಕ ಬರೆದಿದ್ದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಆಧಾರ ಇದ್ದರೆ ಮಾತ್ರ ಬರೆಯಿರಿ.

ಬೆಣ್ಣೆದೋಸೆ
ಅದರಲ್ಲಿ ಒಂದು ನನ್ನದು. ಹೋಗಲಿ ಬಿಡಿ.

ಹೊಸಕೋಟೆ ಹೈವೇ
ಕಾಯ್ದೆಗೆ ಹಲ್ಲೇ ಇಲ್ಲ ಅನ್ನುವುದೂ ತಪ್ಪು. ಸೋತ ಎಂಟಿಬಿ, ವಿಶ್ವನಾಥ್ ಇಬ್ಬರೂ ಪರಿಷತ್‌ಗೆ ಹೋದರಲ್ಲ. ಎಂಟಿಬಿ ಶಾಸಕರ ಮತದಿಂದ ಆಯ್ಕೆ ಆದರು, ಮಂತ್ರಿ ಆದರು. ವಿಶ್ವನಾಥ್ ನಾಮನಿರ್ದೇಶನ ಆಗಿದ್ದರು. ಹೈಕೋರ್ಟ್ 2020ರ ನವೆಂಬರ್‌ನಲ್ಲಿ, ಅನರ್ಹ ಆದವರು ಮತ್ತೆ ಆಯ್ಕೆ ಆಗಿ ಬಂದರೆ ಮಾತ್ರ ಮಂತ್ರಿ, ನಾಮನಿರ್ದೇಶನ ಲೆಕ್ಕಕ್ಕಿಲ್ಲ ಅಂದಿತು. ಒಂದೇ ಮನೆ, ಎರಡು ಬಾಗಿಲು. ಒಂದರಿಂದ ಬಂದವರಿಗೆ ಊಟ, ಇನ್ನೊಂದರಿಂದ ಬಂದವರಿಗೆ ನೀರು ಮಾತ್ರ.

ಕರಿಕೋಟು
ಹೌದು, ಅದು 91ನೇ ತಿದ್ದುಪಡಿಯ ಫಲ. ಮಂತ್ರಿಮಂಡಲ ಸದನದ ಬಲದ ಶೇ 15 ಮೀರಬಾರದು ಅನ್ನುವುದೂ ಅದರಲ್ಲೇ ಬಂತು. ನಮ್ಮಲ್ಲಿ 34ಕ್ಕೆ ನಿಂತಿತು. ಬಂದವರಿಗೆಲ್ಲ ಕುರ್ಚಿ ಹಂಚುವುದು ಕಷ್ಟ ಆಯಿತು.

ಕೃಷ್ಣಾತೀರ
ಅದಕ್ಕೇ ನಿಗಮ ಮಂಡಳಿ ಇದಾವಲ್ಲ.

ಪುರಸಭೆ ಪುಟ್ಟ
ದೊಡ್ಡವರ ಕಥೆ ಆಯಿತು, ನಮ್ಮ ಮನೆ ಕಥೆ ಕೇಳಿ. ಪುರಸಭೆಗೂ ಈ ಕಾಯ್ದೆ ಇದೆ. ರಾಜ್ಯದ್ದೇ ಬೇರೆ, 1987ರದ್ದು. ನಮ್ಮ ಚಿಕ್ಕಪ್ಪ ಪುರಸಭೆ ಸದಸ್ಯರಾಗಿದ್ದರು. ಅಧ್ಯಕ್ಷರ ಚುನಾವಣೆಗೆ ನಾಲ್ಕು ದಿನ ಇದ್ದಾಗ ಎದುರು ಪಕ್ಷದವರ ಟೆಂಪೊ ಟ್ರಾವೆಲರ್ ಹತ್ತಿ "ಧರ್ಮಸ್ಥಳಕ್ಕೆ" ಹೋದರು. ಧರ್ಮಸ್ಥಳಕ್ಕೆ ಹೋದವರು ಫೋನ್ ಯಾಕೆ ಸ್ವಿಚ್ ಆಫ್ ಮಾಡುತ್ತಾರೆ ಅಂತ ಚಿಕ್ಕಮ್ಮ ಕೇಳುತ್ತಲೇ ಇದ್ದರು.

ಮಾರನೇ ದಿನ ಪಕ್ಷದವರು ಬಂದು ಬಾಗಿಲಿಗೆ ವಿಪ್ ಅಂಟಿಸಿದರು. ಅಂಟಿಸಿ, ಅದರ ಪಕ್ಕ ಆ ದಿನದ ಪೇಪರ್ ಹಿಡಿದು ಫೋಟೊ ಹೊಡೆದುಕೊಂಡರು. ದಿನಾಂಕಕ್ಕೆ ಸಾಕ್ಷಿ ಅಂತೆ. ನಮ್ಮಜ್ಜಿಗೆ ಓದು ಬರಲ್ಲ. ಸಂಜೆ ಅದನ್ನು ಕಿತ್ತು ಹಂಡೆ ಒಲೆಗೆ ಹಾಕಿದರು. ಚಿಕ್ಕಪ್ಪ ವಾಪಸ್ ಬಂದು, ಟ್ರಾವೆಲರ್‌ನವರು ಹೇಳಿದ ಕಡೆ ಕೈ ಎತ್ತಿದರು. ಅನರ್ಹತೆ ಅರ್ಜಿ ಬಂತು. ನನಗೆ ವಿಪ್ ತಲುಪಿಲ್ಲ ಅಂದರು. ಆ ಕಡೆಯವರು ಫೋಟೊ ತೆಗೆದು ಇಟ್ಟರು. ಫೋಟೊದಲ್ಲಿ ಬಾಗಿಲು, ವಿಪ್, ಪೇಪರ್, ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ಕೂತ ಅಜ್ಜಿ.

ಬೂತ್ ಮೇಷ್ಟ್ರು
😀😀 ಮುಂದೇನಾಯಿತು ಪುಟ್ಟಣ್ಣ?

ಪುರಸಭೆ ಪುಟ್ಟ
ಸದಸ್ಯತ್ವ ಹೋಯಿತು ಸಾರ್. ಚಿಕ್ಕಪ್ಪ ಈಗಲೂ ಅಜ್ಜಿ ಮೇಲೆ ಸಿಟ್ಟು. ಪೇಪರ್ ಸುಟ್ಟದ್ದಕ್ಕಲ್ಲ, ಫೋಟೊಗೆ ಸಿಕ್ಕಿದ್ದಕ್ಕೆ.

ಸಣ್ಣ ಮೆಣಸು
ಮೇಷ್ಟ್ರೇ, ಕೊನೆಗೆ ಮಗಳಿಗೆ ಏನು ಹೇಳಿದಿರಿ?

ಬೂತ್ ಮೇಷ್ಟ್ರು
ಇದೆಲ್ಲ ಓದಿಸಿದೆ. "ಅಪ್ಪಾ, ಐದು ಅಂಕದ ಪ್ರಶ್ನೆಗೆ ಇಷ್ಟು ಬರೆಯೋಕೆ ಆಗಲ್ಲ, ಮೂರನೇ ಎರಡು ಅಂತ ಬರೀತೀನಿ" ಅಂದಳು. ಆಮೇಲೆ ಅವಳೇ ಒಂದು ಕೇಳಿದಳು, ಅದನ್ನು ವಕೀಲರಿಗೆ ದಾಟಿಸುತ್ತಿದ್ದೇನೆ: ಪಕ್ಷದಲ್ಲಿ ಇರುವುದೇ ಒಬ್ಬ ಶಾಸಕ ಅಂದರೆ, ಅವನು ಹೋದರೆ ಅದು ಪಕ್ಷಾಂತರವೋ ವಿಲೀನವೋ?

ಕರಿಕೋಟು
ಹುಡುಗಿ ವಕೀಲಿ ಓದಲಿ ಸಾರ್. 2019ರ ಹದಿನೇಳರಲ್ಲಿ ಅಂಥವರೇ ಒಬ್ಬರಿದ್ದರು, ಕೆಪಿಜೆಪಿಯ ಆರ್. ಶಂಕರ್. ಅವರ ಪ್ರಕರಣದಲ್ಲಿ ವಿಲೀನದ ಮಾತೇ ಮುಖ್ಯ ಆಗಿತ್ತು. ಸಂಜೆ ಕೋರ್ಟ್ ಮುಗಿಸಿ ಬಂದು ಬರೆಯುತ್ತೇನೆ.